ಒಂದೇ ಬಿಸಿಲು, ಎರಡು ನೆಲ

ಏಪ್ರಿಲ್ ಮುಗಿಯುತ್ತ ಬಂದಂತೆ ಬೀದರ್ ಜಿಲ್ಲೆಯ ಹವಾಮಾನದ ಸುದ್ದಿ ಒಂದೇ ಸಾಲಿಗೆ ಇಳಿಯುತ್ತದೆ: ಗರಿಷ್ಠ ಉಷ್ಣಾಂಶ ನಲವತ್ತರ ಆಸುಪಾಸು, ಮಧ್ಯಾಹ್ನದ ಮೇಲೆ ಜೋರು ಗಾಳಿ, ಅಲ್ಲಲ್ಲಿ ಗುಡುಗು ಸಿಡಿಲು. ಕರಾವಳಿಯವರಿಗೆ ಸಂಜೆಗೆ ಕಡಲ ಗಾಳಿಯಾದರೂ ಇದೆ. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಈ ಸೀಮೆಗೆ ಆ ಭಾಗ್ಯವೂ ಇಲ್ಲ. ಆದರೆ ಬೀದರ್ ನಗರಕ್ಕೆ ಹೊಂದುವ ಆ ಒಂದು ಸಾಲು ಭಾಲ್ಕಿಗೂ ಔರಾದಿಗೂ ಅಷ್ಟೇ ಹೊಂದುತ್ತದೆ ಎನ್ನುವಂತಿಲ್ಲ. ಬೀದರ್, ಹುಮನಾಬಾದ್ ಕಡೆಯದು ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲು. ಭಾಲ್ಕಿ, ಔರಾದ್ ಕಡೆಯದು ಹೆಚ್ಚಾಗಿ ಮಾಂಜ್ರಾ, ಕಾರಂಜಾ ನದಿಗಳತ್ತ ಇಳಿಯುವ ಎರೆಭೂಮಿ. ಆಕಾಶ ಎರಡಕ್ಕೂ ಒಂದೇ ಆದರೂ ಬೇಸಿಗೆ ಎರಡು ಬಗೆಯದು. ಇಲ್ಲಿ ಆಳಿದವರೂ ಉತ್ತವರೂ ಶತಮಾನಗಳ ಕಾಲ ಈ ವ್ಯತ್ಯಾಸ ತಿಳಿದೇ ನಡೆದುಕೊಂಡರು, ಕಳೆದ ಐವತ್ತು ವರ್ಷಗಳಲ್ಲಿ ನಾವು ಅದನ್ನು ಕೈಬಿಟ್ಟೆವು ಎಂಬುದು ನನ್ನ ವಾದ.

ರಾಜಧಾನಿಯಿಂದಲೇ ಶುರುಮಾಡೋಣ. ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯನ್ನು ಬಿಟ್ಟು ಬೀದರಿಗೆ ಬಂದದ್ದು 1420ರ ದಶಕದಲ್ಲಿ. ಅದಕ್ಕೆ ಮುಂಚಿನ ಮೂವತ್ತು ನಲವತ್ತು ವರ್ಷ ದಖ್ಖನ್ನಿಗೆ ಮಳೆಯದೇ ಚಿಂತೆ. ಎರಡನೇ ಮುಹಮ್ಮದ್ ಶಾ ಹತ್ತು ಸಾವಿರ ಎತ್ತುಗಳನ್ನು ಕಟ್ಟಿ ಮಾಳವ, ಗುಜರಾತ್‌ಗಳಿಂದ ಧಾನ್ಯ ತರಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. 1396ರಿಂದ ವರ್ಷಗಟ್ಟಲೆ ಎಳೆದ ದುರ್ಗಾದೇವಿ ಬರದ ಹೆಸರು ಜನರ ನೆನಪಿನಲ್ಲಿ ಬಹುಕಾಲ ಉಳಿಯಿತು. ಅಹ್ಮದ್ ಶಾನ ಆಳ್ವಿಕೆಯ ಆರಂಭದಲ್ಲೂ ಮಳೆ ಕೈಕೊಟ್ಟಿತು. ಸುಲ್ತಾನ ಉಗ್ರಾಣ ತೆರೆದ, ಕೊನೆಗೆ ಊರ ಹೊರಗಿನ ದಿಣ್ಣೆ ಹತ್ತಿ ಪ್ರಾರ್ಥಿಸಿದಾಗ ಮೋಡ ಕವಿದು ಮಳೆ ಬಂತು, ಅಂದಿನಿಂದ ಜನ ಅವನನ್ನು ‘ವಲಿ’ (ಸಂತ) ಎಂದರು ಎಂಬುದು ಕತೆ. ರಾಜಧಾನಿ ಬದಲಾಯಿಸಿದ್ದಕ್ಕೆ ಬೇಟೆನಾಯಿಯ ಮೇಲೆ ತಿರುಗಿಬಿದ್ದ ನರಿಯ ಕತೆಯನ್ನೂ ಹೇಳುತ್ತಾರೆ. ಅಂಥದೇ ಕತೆ ಹಂಪಿಗೂ ಇದೆ, ಅಹಮದಾಬಾದಿಗೂ ಇದೆ. ಹಾಗಾಗಿ ಆ ನರಿಯನ್ನು ಅದರ ಪಾಡಿಗೆ ಬಿಡಬಹುದು. ಬರವನ್ನು ಕಣ್ಣಾರೆ ಕಂಡ ದೊರೆ ತನ್ನ ಮುಂದಿನ ಊರನ್ನು ಎಂಥ ನೆಲದ ಮೇಲೆ ಕಟ್ಟಿದ ಎಂಬುದನ್ನು ಮಾತ್ರ ಗಮನಿಸಬೇಕು.

ಅವನು ಆರಿಸಿಕೊಂಡದ್ದು ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಜಂಬಿಟ್ಟಿಗೆಯ ಬಯಲು. ಜಂಬಿಟ್ಟಿಗೆಯ ಮೈತುಂಬ ತೂತು. ಬಿದ್ದ ಮಳೆ ಮೇಲೆ ನಿಲ್ಲದೆ ಒಳಗಿಳಿಯುತ್ತದೆ. ಅದರ ಕೆಳಗಿರುವ ಕಪ್ಪು ಬಸಾಲ್ಟ್ ಶಿಲೆ ನೀರನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಎರಡೂ ಕೂಡುವಲ್ಲಿ ಇಳಿದ ನೀರು ತಡೆದು ನಿಂತು, ಬಯಲಿನ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನಾನಕ್ ಝಿರಾ, ಪಾಪನಾಶ, ನರಸಿಂಹ ಝರಣಿ ಇರುವುದು ಇಂಥ ನೆಲದಲ್ಲಿ. ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ಮುಂದೆ ನಿಲ್ಲುತ್ತಾರೆ. ಹೊರಗೆ ಬಿಸಿಲು ಬಂಡೆಯನ್ನು ಕಾಯಿಸುವ ದಿನಗಳಲ್ಲೂ ಒಳಗಿನ ನೀರು ತಣ್ಣಗಿರುತ್ತದೆ. ಪ್ರಕೃತಿಯ ಈ ವ್ಯವಸ್ಥೆಗೆ ಬಹಮನಿಯರು ತಮ್ಮ ಕೈಕೆಲಸ ಸೇರಿಸಿದರು. ಕರ್ಮಾನ್ ಬಳಿಯ ಮಾಹಾನಿನ ಸಂತ ಶಾ ನಿಅಮತುಲ್ಲಾನ ಮನೆತನವನ್ನು ಅಹ್ಮದ್ ಶಾ ಬೀದರಿಗೆ ಬರಮಾಡಿಕೊಂಡ. ಆ ಸಂತನ ಮಗ ಖಲೀಲುಲ್ಲಾನ ಗೋರಿ ಚೌಖಂಡಿ ಅಷ್ಟೂರಿನ ದಾರಿಯಲ್ಲಿ ಇಂದಿಗೂ ನಿಂತಿದೆ. ಕರ್ಮಾನ್ ಎಂದರೆ ನೆಲದೊಳಗೆ ಕಾಲುವೆ ತೋಡಿ ಬದುಕಿದ ಸೀಮೆ. ಅದೇ ವಿದ್ಯೆ ಬೀದರಿನಲ್ಲಿ ಕರೇಜ್ ಆಯಿತು. ಮೇಲಿನ ತಾಯಿಬಾವಿಯಲ್ಲಿ ಒಸರುವ ನೀರನ್ನು ಸಣ್ಣ ಇಳಿಜಾರಿನ ಸುರಂಗದಲ್ಲಿ ಹರಿಸುವುದು, ಹೂಳು ತೆಗೆಯಲು, ಗಾಳಿ ಬೆಳಕಿಗೆ ಅಲ್ಲಲ್ಲಿ ನೆಟ್ಟಗೆ ಬಾವಿ ಕೊರೆಯುವುದು. ಭೂಗೋಳ ಸಂಶೋಧಕ ವಿ. ಗೋವಿಂದನ್‌ಕುಟ್ಟಿ ಮುಂತಾದವರ ಅಧ್ಯಯನದಿಂದ ಬೆಳಕಿಗೆ ಬಂದ ನೌಬಾದಿನ ಕರೇಜ್ ಸುಮಾರು ಮೂರು ಕಿಲೋಮೀಟರ್ ಉದ್ದದ್ದು. ಅದರ ನೆತ್ತಿಯ ಮೇಲೆ ಇಂಥ ಬಾವಿಗಳು ಇಪ್ಪತ್ತಕ್ಕೂ ಹೆಚ್ಚು. ಬಿಸಿಲಿಗೆ ಮೈಯೊಡ್ಡದೆ ಹರಿಯುವ ನೀರಿನಲ್ಲಿ ಆವಿಯಾಗಿ ಹೋಗುವುದು ಅತ್ಯಲ್ಪ.

ಇದೆಲ್ಲ ಸರಿ, ಆದರೆ ರಾಜಧಾನಿಗಳು ಹುಟ್ಟುವುದು ರಾಜಕಾರಣದಿಂದ, ಹವೆಯಿಂದಲ್ಲ ಎಂದು ಇತಿಹಾಸಕಾರರು ಆಕ್ಷೇಪಿಸಬಹುದು. ಕಲಬುರಗಿಯಲ್ಲಿ ಒಳಜಗಳ ಇತ್ತು, ಅಣ್ಣನನ್ನು ಇಳಿಸಿ ಪಟ್ಟಕ್ಕೆ ಬಂದವನಿಗೆ ಹೊಸ ಊರು ಬೇಕಿತ್ತು, ಕನ್ನಡ ತೆಲುಗು ಮರಾಠಿ ಸೀಮೆಗಳು ಕೂಡುವ ಬೀದರ್ ಆಡಳಿತಕ್ಕೆ ಅನುಕೂಲವಾಗಿತ್ತು. ಇವೆಲ್ಲ ನಿಜ. ಆದರೆ ರಾಜಕಾರಣ ಊರು ಬಿಡಲು ಕಾರಣ ಕೊಟ್ಟೀತೇ ಹೊರತು ಒಂದು ದೊಡ್ಡ ನಗರಕ್ಕೆ ಬೇಸಿಗೆಯ ಕೊನೆಯವರೆಗೆ ನೀರು ಕೊಡಲಾರದು. ಆ ನಗರದ ಬೇಸಿಗೆಗೆ ಹೊರಗಿನ ಸಾಕ್ಷಿಯೂ ಇದೆ. 1470ರ ಆಸುಪಾಸಿನಲ್ಲಿ ಇಲ್ಲಿಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಜುನ್ನರಿನಲ್ಲಿ ನಾಲ್ಕು ತಿಂಗಳು ಹಗಲಿರುಳು ನೀರು, ಕೆಸರು ಎಂದು ದಾಖಲಿಸಿದವನು, ಬೀದರಿನ ಮಾತು ಬಂದಾಗ ಈ ದೇಶದಲ್ಲಿ ಅತಿಯಾದ ಸೆಖೆಯಿಲ್ಲ, ಸೆಖೆಯೆಂದರೆ ಹೊರ್ಮುಜ್‌ದು ಎಂಬರ್ಥದಲ್ಲಿ ಬರೆದಿದ್ದಾನೆ. ಹೊರ್ಮುಜ್ ಕಂಡವನಿಗೆ ಯಾವ ಊರಾದರೂ ತಂಪೇ ಎಂದು ನಗಬಹುದು. ಹಿಮದ ನಾಡಿನಿಂದ ಬಂದವನು ಅವನು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ನಗು ಸ್ವಲ್ಪ ತಗ್ಗುತ್ತದೆ.

ಭಾಲ್ಕಿಯ ಕಡೆ ಇಳಿದರೆ ನೆಲದ ನಡತೆಯೇ ಬೇರೆ. ಮೇ ತಿಂಗಳಲ್ಲಿ ಎರೆಹೊಲ ಕೈ ಹೋಗುವಷ್ಟು ಅಗಲ ಬಿರಿದಿರುತ್ತದೆ. ಮೊದಲ ಅಡ್ಡಮಳೆ ಆ ಬಿರುಕುಗಳಲ್ಲಿ ಇಳಿದು ಕಾಣೆಯಾಗುತ್ತದೆ. ಮಳೆ ಹಿಡಿದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿ, ಎತ್ತಿನ ಕಾಲು ಹುಗಿಯುವಂತಾಗುತ್ತದೆ. ಇಲ್ಲಿ ಝರಿಗಳ ಭರವಸೆ ಇಲ್ಲ, ಆದರೆ ಮಣ್ಣು ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆದ್ದರಿಂದ ರೈತರು ಒಂದಷ್ಟು ಹೊಲಕ್ಕೆ ಮುಂಗಾರಿನಲ್ಲಿ ಹೆಸರು, ಉದ್ದು, ತೊಗರಿ ಹಾಕಿ, ಉಳಿದದ್ದನ್ನು ಮಳೆಗಾಲವಿಡೀ ಖಾಲಿ ಬಿಟ್ಟು, ಆಗಾಗ ಕುಂಟೆ ಹೊಡೆದು, ಹಿಂಗಾರಿಯ ಬಿಳಿಜೋಳಕ್ಕೆ ಕಾಯ್ದಿಡುತ್ತಿದ್ದರು. ಆ ಜೋಳ ಮೇಲೆ ಮಳೆಯಿಲ್ಲದೆ ನೆಲದ ಹಸಿ, ಚಳಿಗಾಲದ ಇಬ್ಬನಿಗಳ ಮೇಲೆ ಬೆಳೆಯುತ್ತದೆ. ಕಾರಹುಣ್ಣಿಮೆಯಂದು ಎತ್ತು ಓಡಿಸಿ, ಗೆದ್ದ ಎತ್ತಿನ ಬಣ್ಣ ನೋಡಿ ಈ ವರ್ಷ ಮುಂಗಾರಿ ಒಲಿದೀತೋ ಹಿಂಗಾರಿ ಒಲಿದೀತೋ ಎಂದು ಹೇಳುವ ಉತ್ತರ ಕರ್ನಾಟಕದ ರೂಢಿಯನ್ನು ಮೂಢನಂಬಿಕೆ ಎಂದು ತಳ್ಳುವುದು ಸುಲಭ. ಎತ್ತಿಗೆ ಮಳೆ ತಿಳಿಯುವುದಿಲ್ಲ, ಒಪ್ಪೋಣ. ಆದರೆ ಆ ಆಟದಲ್ಲಿ ಸೋತ ಬಣ್ಣಕ್ಕೂ ಒಂದು ಬೆಳೆ ಇದೆ. ಒಂದು ಕೈಕೊಟ್ಟರೆ ಇನ್ನೊಂದು ಎಂಬ ಬೇಸಾಯದ ಲೆಕ್ಕದ ಮೇಲೆ ಆ ಹಬ್ಬ ನಿಂತಿದೆ.

ನಕ್ಷತ್ರದ ಮಳೆಗಳ ಬಗ್ಗೆ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮಿರಗ, ಅಂದರೆ ಮೃಗಶಿರಾ ನಕ್ಷತ್ರ, ಕೂಡಿತೆಂದರೆ ಬಿತ್ತನೆ ಎನ್ನುತ್ತಾರೆ. ಈಗ ಅದು ಜೂನ್ 7 ಅಥವಾ 8ಕ್ಕೆ ಬರುತ್ತದೆ. ಸೂರ್ಯ ನಕ್ಷತ್ರ ಸೇರುವ ದಿನ ಋತುವಿಗಿಂತ ಸುಮಾರು 72 ವರ್ಷಕ್ಕೊಂದು ದಿನ ತಡವಾಗುತ್ತ ಹೋಗುತ್ತದೆ. ಅಂದರೆ ಅಹ್ಮದ್ ಶಾನ ಕಾಲದ ಮಿರಗ ನಮ್ಮ ಇಂದಿನ ಲೆಕ್ಕದಲ್ಲಿ ಮೇ ಕೊನೆಗೇ ಕೂಡುತ್ತಿತ್ತು. ಎಂಟು ದಿನದ ಈ ವ್ಯತ್ಯಾಸ ಪಂಚಾಂಗ ಓದುವವರಿಗೆ ಬೇಡವಾದ ಸಂಗತಿ. ಹಾಗಿದ್ದರೂ ರೈತ ಬಿತ್ತಿದ್ದು ದಿನ ನೋಡಿ ಮಾತ್ರವಲ್ಲ, ಹೊಲ ಅಗೆದು ಹಸಿ ಎಷ್ಟು ಆಳ ಇಳಿದಿದೆ ಎಂದು ನೋಡಿ. ಮಿರಗ ಕೂಡಿದರೂ ಹಸಿ ಕೂಡದಿದ್ದರೆ ಅವನು ಕಾದ. ಪಂಚಾಂಗದ ತಪ್ಪನ್ನು ತಿದ್ದುವ ಹಾರೆ ಅವನ ಕೈಯಲ್ಲೇ ಇತ್ತು.

ಬೆಂಕಿಯ ವಿಷಯದಲ್ಲೂ ಎರಡು ನೆಲ ಎರಡು ಬಗೆ. ಜಂಬಿಟ್ಟಿಗೆಯ ತೆಳು ಮಣ್ಣಿನ ಮೇಲಿನ ಹುಲ್ಲು ಬೇಗ ಒಣಗುತ್ತದೆ, ಗಾಳಿಯಿದ್ದರೆ ಒಂದು ಕಿಡಿ ಸಾಕು. ಎರೆಸೀಮೆಯಲ್ಲಿ ಕಾಡು ಕಡಿಮೆ. ಅಲ್ಲಿ ಹೊತ್ತಿಕೊಳ್ಳುವುದು ಮೇವಿನ ಬಣವೆ, ಕಬ್ಬು ಬಂದ ಮೇಲೆ ಅದರ ರವದಿ. ಮೊದಲನೆಯದು ಬಹುಮಟ್ಟಿಗೆ ಅರಣ್ಯ ಇಲಾಖೆಯ ಕೆಲಸ, ಎರಡನೆಯದು ಹೊಲದ ಒಡೆಯನದು.

ಕಳೆದ ಅರ್ಧ ಶತಮಾನದಲ್ಲಿ ನೆಲವರಿತು ನಡೆಯುವ ಈ ವಿವೇಕ ಎಲ್ಲಿಗೆ ಹೋಯಿತು? 1972ರ ಬರದ ನಂತರ ಎಲ್ಲ ನೆಲಕ್ಕೂ ಒಂದೇ ಔಷಧ ಎಂಬಂತೆ ಕೊಳವೆಬಾವಿ ಬಂತು. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾ ಜಲಾಶಯ ಬಂತು, ಅದರ ನೀರು ಬಿಸಿಲಿಗೆ ಮೈಚೆಲ್ಲಿ ನಿಂತದ್ದು. ಹಿಂಗಾರಿಗೆ ಖಾಲಿ ಬಿಡುತ್ತಿದ್ದ ಎರೆಹೊಲಕ್ಕೆ ಸೋಯಾ ಬಂತು. ಇವುಗಳಿಂದ ಜನರ ಕೈಯಲ್ಲಿ ಕಾಸು ಓಡಾಡಿತು, ಅದನ್ನು ಅಲ್ಲಗಳೆಯುವವನು ಭಾಲ್ಕಿಯ ಸಂತೆ ನೋಡಿಲ್ಲ. ಆದರೆ 2016ರ ಏಪ್ರಿಲ್‌ನಲ್ಲಿ ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಲಾತೂರೂ ಇದೇ ಮಾಂಜ್ರಾ ಕಣಿವೆಯದು, ಇದೇ ಎರೆನೆಲದ್ದು.

ಈಗ ಅಳತೆ ಹಿಂದೆಂದಿಗಿಂತ ಚೆನ್ನಾಗಿದೆ ಎಂಬುದು ಉಳಿದ ಆಕ್ಷೇಪ. 1988ರಲ್ಲಿ ಬರ ಮೇಲ್ವಿಚಾರಣಾ ಘಟಕವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಅದು ದೊಡ್ಡ ಸಾಧನೆಯೇ. ಆದರೆ ಬಿಸಿಗಾಳಿಯ ಎಚ್ಚರಿಕೆ ಇಡೀ ಜಿಲ್ಲೆಗೊಂದೇ ಬಣ್ಣದಲ್ಲಿ ಬರುತ್ತದೆ, ಮತ್ತು ಬಿದ್ದ ಮಳೆ ಜಂಬಿಟ್ಟಿಗೆಗೆ ಇಳಿಯಿತೋ ಎರೆಯ ಬಿರುಕಿಗೆ ಇಳಿಯಿತೋ ಎಂಬುದನ್ನು ಮಳೆಮಾಪಕ ಹೇಳುವುದಿಲ್ಲ. ಮುಂದಿನ ಬೇಸಿಗೆಯ ಮುನ್ನೋಟ ಬರೆಯುವವರು ಬೀದರ್–ಹುಮನಾಬಾದಿಗೆ ಒಂದು, ಭಾಲ್ಕಿ–ಔರಾದಿಗೆ ಇನ್ನೊಂದು ಸಲಹೆ ಕೊಡಲಿ. ನಗರಸಭೆಯವರು ಕರೇಜಿನ ಬಾವಿಗಳ ಮೇಲೆ ನಿವೇಶನ ಬೀಳದಂತೆ ಕಾಯಲಿ. ಎರಡಕ್ಕೂ ಬೇಕಾದ ಮಣ್ಣಿನ ನಕ್ಷೆ, ಮಳೆಯ ಅಂಕಿ ಸರ್ಕಾರದ ಕೈಯಲ್ಲೇ ಇವೆ.