ಜೇನುತುಪ್ಪದಲ್ಲಿ ಹೂವಿನ ಗುರುತು

ಊರಿನಿಂದ ಬಂದವರು ಜೇನುತುಪ್ಪದ ಬಾಟಲಿ ತರುವುದು ಮುಂಬಯಿಯ ಕನ್ನಡ ಮನೆಗಳಿಗೆ ಹೊಸತೇನಲ್ಲ. ಗ್ರಾಂಟ್ ರೋಡಿನ ನಮ್ಮ ಚಾಳಿಗೂ ಒಮ್ಮೆ ಮಡಿಕೇರಿಯ ಕಡೆಯಿಂದ ಅಂತಹದೊಂದು ಬಂದಿತು. "ಇದು ಕೊಡಗಿನದೇ ಎನ್ನಲು ಗುರುತೇನು, ಸಾಹೇಬರೇ?" ಎಂದು ನೆರೆಮನೆಯ ಮರಾಠಿ ಗೃಹಸ್ಥರು ಕೇಳಿದರು. ದಿನವಿಡೀ ಬ್ಯಾಂಕಿನಲ್ಲಿ ಸಹಿಗಳನ್ನು ತಾಳೆ ನೋಡುವ ನಮಗೆ ಆ ಪ್ರಶ್ನೆ ನ್ಯಾಯವಾಗಿಯೇ ತೋರಿತು. ಉತ್ತರ ಹುಡುಕುತ್ತ ಹೋದಾಗ ತುಪ್ಪದೊಳಗೇ ಒಂದು ಸಹಿಯಿರುವುದು ತಿಳಿಯಿತು. ಅದು ಹೂವಿನ ಪರಾಗ. ಅದನ್ನು ಓದಲು ಮನುಷ್ಯನು ಕಲಿತ ಬಗೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಜೇನುನೊಣವು ಹೂವಿನಿಂದ ಮಕರಂದವನ್ನಷ್ಟೇ ತರುವುದಿಲ್ಲ. ಮೈಗೆ ಅಂಟಿದ ಪರಾಗವನ್ನು ಬಾಚಿ, ಜೇನಿನಿಂದ ನೆನೆಸಿ, ಹಿಂಗಾಲುಗಳಲ್ಲಿ ಉಂಡೆ ಕಟ್ಟಿಕೊಂಡು ಗೂಡಿಗೆ ಮರಳುತ್ತದೆ. ಮರಿಗಳನ್ನು ಬೆಳೆಸಲು ಬೇಕಾದ ಪುಷ್ಟಿ ಅದರಿಂದಲೇ ದೊರೆಯುವುದು. ಒಂದು ಸುತ್ತಿನಲ್ಲಿ ಅದು ಸಾಮಾನ್ಯವಾಗಿ ಒಂದೇ ಜಾತಿಯ ಹೂಗಳಿಗೆ ಹೋಗುತ್ತದೆಂಬುದನ್ನು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಅರಿಸ್ಟಾಟಲನು ಗಮನಿಸಿದ್ದನು. ಆದುದರಿಂದ ಉಂಡೆಯ ಬಣ್ಣವೇ ಮೊದಲ ಸುಳಿವು: ಸಾಸಿವೆಯದು ಹಳದಿ, ತೆಂಗಿನದು ತಿಳಿಹಳದಿ, ಗೌರಿಹೂವಿನ ಜಾತಿಯದು ಬಿಳುಪು. ಇಂಗ್ಲೆಂಡಿನ ಡೊರೊಥಿ ಹಾಜಸ್ ಎಂಬ ಮಹಿಳೆ 1952ರಲ್ಲಿ ಇಂತಹ ಬಣ್ಣಗಳ ಪಟ್ಟಿಗಳನ್ನೇ ಪುಸ್ತಕದಲ್ಲಿ ಕೊಟ್ಟರು.

ಆದರೆ ಹಳದಿ ಪರಾಗದ ಹೂಗಳು ಎಷ್ಟಿಲ್ಲ? ಬಣ್ಣ ಸಾಲದೆಡೆ ಸೂಕ್ಷ್ಮದರ್ಶಕ ಬೇಕು. ಅದರಡಿಯಲ್ಲಿ ಸೂರ್ಯಕಾಂತಿಯ ಕಣ ಮುಳ್ಳುಮುಳ್ಳಾಗಿ ಕಾಣುತ್ತದೆ, ಸಾಸಿವೆಯದರ ಮೈಮೇಲೆ ಬಲೆ ಹೆಣೆದಂತಿರುತ್ತದೆ, ನೇರಳೆಯದು ಮುಕ್ಕೋನ, ಜೋಳದ್ದು ಒಂದೇ ರಂಧ್ರವುಳ್ಳ ಗುಂಡು. ಉಂಡೆಯ ಕಣಗಳಲ್ಲಿ ಕೆಲವು ಜೇನುತುಪ್ಪದಲ್ಲಿಯೂ ಸೇರುತ್ತವೆ. ಅವನ್ನು ಮೊದಲು ಪರೀಕ್ಷಿಸಿದವರು 1895ರಲ್ಲಿ ಸ್ವಿಟ್ಜರ್ಲೆಂಡಿನ ಫಿಸ್ಟರ್.

ಯುರೋಪಿನ ಹೂಗಳ ಪಟ್ಟಿ ಸಹ್ಯಾದ್ರಿಗೆ ಉಪಯೋಗವಾಗದು. ನಮ್ಮ ಗಿಡಮರಗಳ ಪರಾಗವನ್ನು ನಾವೇ ಹೂವಿನಿಂದ ತೆಗೆದು, ಗಾಜಿನ ಮೇಲಿಟ್ಟು, ಹೆಸರು ಬರೆದಿಡಬೇಕು. ಆ ಕೆಲಸ ನಮಗೆ ಸಮೀಪದಲ್ಲೇ ನಡೆಯಿತೆಂಬುದು ಸಂತೋಷದ ಸಂಗತಿ. ಮುಂಬಯಿ ಸರ್ಕಾರದ ಗ್ರಾಮೋದ್ಯೋಗ ಸಮಿತಿಯು 1946ರಲ್ಲಿ ಮಹಾಬಳೇಶ್ವರದಲ್ಲಿ ಜೇನುಸಾಕಣೆ ಆರಂಭಿಸಿತು. ಅಲ್ಲಿನ ಮುಖ್ಯ ಜೇನುಸಸ್ಯಗಳ ಪರಾಗವನ್ನು ಕುರಿತು ದೇವಡೀಕರ್ ಮತ್ತು ಠಾಕರ್ ಅವರು 1953ರಲ್ಲಿ ಅಧ್ಯಯನ ಪ್ರಕಟಿಸಿದರು. ನೇರಳೆ, ಅಳಲೆ, ಏಳೆಂಟು ವರ್ಷಕ್ಕೊಮ್ಮೆ ಬೆಟ್ಟವನ್ನೇ ಮುಚ್ಚುವ ಕಾರ್ವಿ, ಇವು ಆ ಮಲೆಯ ಸಂಪತ್ತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ರಾಜ್ಯದಲ್ಲಿಯೇ ಇದ್ದವೆಂಬುದನ್ನು ಇಲ್ಲಿ ಸ್ಮರಿಸಬೇಕು. 1956ರ ನವೆಂಬರ್ 1ರಂದು ಅವು ತಾಯ್ನಾಡನ್ನು ಸೇರಿದವು. ಸರಿಯಾಗಿ 6 ವರ್ಷಗಳ ಅನಂತರ, 1962ರ ನವೆಂಬರ್ 1ರಂದೇ, ಖಾದಿ ಗ್ರಾಮೋದ್ಯೋಗ ಆಯೋಗವು ಪುಣೆಯಲ್ಲಿ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು.

ಇದರಿಂದ ಬಡ ಸಾಕಣೆಗಾರನಿಗೆ ಏನು ಲಾಭ? ಯಾವ ತಿಂಗಳು ಯಾವ ಮರ ತನ್ನ ನೊಣಗಳನ್ನು ಸಾಕುತ್ತದೆಂದು ತಿಳಿದರೆ ಪೆಟ್ಟಿಗೆಯನ್ನು ಎಲ್ಲಿಡಬೇಕು, ಯಾವಾಗ ಸಕ್ಕರೆ ಪಾಕ ಉಣಿಸಬೇಕು, ಯಾವ ಮರಕ್ಕೆ ಕೊಡಲಿ ಹಾಕಬಾರದು ಎಂಬುದು ತಿಳಿಯುತ್ತದೆ. ಆದರೂ ಪರಾಗವೊಂದನ್ನೇ ನಂಬುವಂತಿಲ್ಲ. ರಬ್ಬರ್ ತೋಟದ ನೊಣಗಳು ಮಕರಂದ ಹೀರುವುದು ಹೂವಿನಿಂದಲ್ಲ, ಎಲೆಯ ತೊಟ್ಟಿನ ಬಳಿಯಿಂದ. ಆ ತುಪ್ಪದಲ್ಲಿ ರಬ್ಬರಿನ ಪರಾಗ ಸಿಗುವುದು ಅಪರೂಪ. ಒಂದು ಸಹಿಯಿಂದಲೇ ಚೆಕ್ಕು ಪಾಸಾಗದು, ಉಳಿದುದನ್ನೂ ನೋಡಬೇಕೆಂಬುದು ನಮ್ಮ ಮೇಜಿನ ಅನುಭವವೂ ಹೌದು.

ನೆರೆಯವರಿಗೆ ನಾವು ಕೊಟ್ಟ ಉತ್ತರ ಇಷ್ಟೇ: ಗುರುತುಂಟು, ಆದರೆ ಅದನ್ನು ಓದಲು ಪ್ರಯೋಗಶಾಲೆ ಬೇಕು, ಅಲ್ಲಿ ಕೊಡಗಿನ ಹೂಗಳ ಪರಾಗವನ್ನು ಮೊದಲೇ ಗುರುತಿಸಿಟ್ಟಿರಬೇಕು. ಅವರು ನಕ್ಕು, ಒಂದು ಚಮಚೆ ರುಚಿ ನೋಡಿ, "ಬಂಧುಗಳ ಮಾತೇ ಸಾಕು" ಎಂದರು.

ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಬೇಸಿಗೆಯ ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋದಾಗ, ಜೇನು ಕೂರುವ ಮರಗಳ ಹೆಸರನ್ನೂ ಅವು ಹೂಬಿಡುವ ತಿಂಗಳನ್ನೂ ಹಿರಿಯರಿಂದ ಕೇಳಿ ಬರೆಸಿರಿ. ಅದನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪರಾಗದ ಕಣವೇನೋ ಗಾಜಿನ ಮೇಲೆ ಬಹುಕಾಲ ಉಳಿದೀತು. ಮರದ ಕನ್ನಡ ಹೆಸರೇ ಮರೆತುಹೋದರೆ ಅದರ ಪಕ್ಕದಲ್ಲಿ ಏನೆಂದು ಬರೆಯೋಣ?