ಸುಸ್ಥಿರತಾ ಸಂಶೋಧನೆಯ ಅನುದಾನ ಮತ್ತು ಸಮ್ಮೇಳನ ಪ್ರವಾಸ ನೆರವು: ಭಾರತದ ವಿಶ್ವವಿದ್ಯಾಲಯಗಳಲ್ಲಿ

ನೀರು, ಕಾಡು, ಮಣ್ಣು, ಇಂಧನ, ಹವಾಮಾನಗಳನ್ನು ಮುಂದಿನ ತಲೆಮಾರುಗಳಿಗೂ ಉಳಿಯುವಂತೆ ಬಳಸುವ ಬಗೆಯನ್ನು ಅರಿಯಲು ವಿಶ್ವವಿದ್ಯಾಲಯಗಳು ನಡೆಸುವ ಅಧ್ಯಯನಕ್ಕೆ ಸರ್ಕಾರ, ಪ್ರತಿಷ್ಠಾನ ಹಾಗೂ ದಾನಿಗಳು ಒದಗಿಸುವ ಹಣವೇ ಸುಸ್ಥಿರತಾ ಸಂಶೋಧನೆಯ ಅನುದಾನ. ಆ ಅಧ್ಯಯನದ ಫಲವನ್ನು ವಿದ್ವಾಂಸರ ಸಭೆಯಲ್ಲಿ ಮಂಡಿಸಲು ಸಿಗುವ ಪ್ರವಾಸ ನೆರವು ಇದರ ಜೊತೆಜೊತೆಗೇ ಬೆಳೆದು ಬಂದಿದೆ. ಭಾರತದಲ್ಲಿ ಈ ಎರಡರ ಚರಿತ್ರೆಯನ್ನು ಒಂದೇ ಕಡೆ ನೋಡಬೇಕೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯತ್ತ ತಿರುಗಬೇಕು. ಹಳ್ಳಿಯ ಒಲೆಯಿಂದ ಹಿಡಿದು ಹವಾಮಾನ ವಿಜ್ಞಾನದವರೆಗೆ ಅಲ್ಲಿ ನಡೆದ ಕೆಲಸಗಳನ್ನು ಸಾಲಾಗಿ ಇಟ್ಟು ನೋಡಿದರೆ, ಹಣ ಎಷ್ಟು ಬಂತು ಎಂಬುದರಷ್ಟೇ ಅದು ಎಷ್ಟು ವರ್ಷ ಕಡಿಯದೆ ಬಂತು ಎಂಬುದೂ ಮುಖ್ಯವಾಗಿರುವುದು ತಿಳಿಯುತ್ತದೆ.

ಹಿನ್ನೆಲೆ

ಸ್ವಾತಂತ್ರ್ಯಪೂರ್ವದಲ್ಲಿ ಸಂಶೋಧನೆಗೆಂದೇ ಮೀಸಲಾದ ಸರ್ಕಾರಿ ಅನುದಾನ ಅಪರೂಪವಾಗಿತ್ತು. ದಾನಿಗಳು ಮತ್ತು ಸಂಸ್ಥಾನಗಳೇ ಆಸರೆ. ಜಮ್‌ಷೆಟ್‌ಜಿ ಟಾಟಾ ಅವರ ದತ್ತಿ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನು ಮತ್ತು ಬ್ರಿಟಿಷ್ ಭಾರತ ಸರ್ಕಾರದ ನೆರವು ಸೇರಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ರೂಪುಗೊಂಡಿತು. ವಿಜ್ಞಾನಿಗಳು ಒಂದೆಡೆ ಸೇರುವ ಪದ್ಧತಿಯೂ ಆ ಕಾಲದಲ್ಲೇ ಬೇರೂರಿತು. 1914ರಲ್ಲಿ ಕಲ್ಕತ್ತದಲ್ಲಿ ಶುರುವಾದ ಭಾರತೀಯ ವಿಜ್ಞಾನ ಕಾಂಗ್ರೆಸ್ 1917ರಲ್ಲಿ ಬೆಂಗಳೂರಿಗೆ ಬಂದಿತು.

ಸಮ್ಮೇಳನ ಪ್ರವಾಸಕ್ಕೆ ವಿಶ್ವವಿದ್ಯಾಲಯ ಹಾಕುವ ಹಣ ಎಂಥ ಫಲ ಕೊಡಬಲ್ಲದು ಎಂಬುದಕ್ಕೆ ಭಾರತದ ಅತ್ಯಂತ ಪ್ರಸಿದ್ಧ ಉದಾಹರಣೆ 1921ರದು. ಬ್ರಿಟಿಷ್ ಸಾಮ್ರಾಜ್ಯದ ವಿಶ್ವವಿದ್ಯಾಲಯಗಳ ಸಮ್ಮೇಳನ ಆ ವರ್ಷ ಆಕ್ಸ್‌ಫರ್ಡ್‌ನಲ್ಲಿ ನಡೆಯಿತು. ಕಲ್ಕತ್ತ ವಿಶ್ವವಿದ್ಯಾಲಯ ತನ್ನ ಪ್ರತಿನಿಧಿಯಾಗಿ ಸಿ. ವಿ. ರಾಮನ್ ಅವರನ್ನು ಕಳಿಸಿತು. ಹಿಂದಿರುಗುವಾಗ ನರ್ಕುಂಡ ಹಡಗಿನಲ್ಲಿ ಅವರು ನಿಕೋಲ್ ಪ್ರಿಸಂ ಹಿಡಿದು ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಪರೀಕ್ಷಿಸಿದರು. ಆ ನೀಲಿ ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರೇ ಬೆಳಕನ್ನು ಚದುರಿಸುವುದರಿಂದ ಆಗುವಂಥದ್ದು ಎಂದು ತೋರಿಸಿದರು. ಅಲ್ಲಿಂದ ಮುಂದುವರಿದ ಪ್ರಯೋಗಗಳೇ 1928ರ ರಾಮನ್ ಪರಿಣಾಮಕ್ಕೂ 1930ರ ನೊಬೆಲ್ ಪ್ರಶಸ್ತಿಗೂ ದಾರಿಯಾದವು. 1933ರಲ್ಲಿ ರಾಮನ್ ಬೆಂಗಳೂರಿನ ಸಂಸ್ಥೆಯ ನಿರ್ದೇಶಕರಾದರು.

ಸ್ವಾತಂತ್ರ್ಯದ ನಂತರ 1953ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಆರಂಭವಾಯಿತು; 1956ರ ಕಾಯಿದೆ ಅದಕ್ಕೆ ಶಾಸನಬದ್ಧ ಸ್ಥಾನ ಕೊಟ್ಟಿತು. ಕೃಷಿ ವಿಜ್ಞಾನದಲ್ಲಿ ಇನ್ನೊಂದು ಮಾದರಿ ಬೆಳೆಯಿತು. 1957ರಲ್ಲಿ ಮೆಕ್ಕೆಜೋಳದಿಂದ ಶುರುವಾದ ಅಖಿಲ ಭಾರತ ಸಮನ್ವಿತ ಸಂಶೋಧನಾ ಯೋಜನೆಗಳಲ್ಲಿ ಒಂದೇ ಪ್ರಶ್ನೆಯನ್ನು ದೇಶದ ಹಲವು ಕೇಂದ್ರಗಳು ವರ್ಷಗಟ್ಟಲೆ ಬೆನ್ನುಹತ್ತುತ್ತಿದ್ದವು, ಅವುಗಳ ವಿಜ್ಞಾನಿಗಳು ವರ್ಷಕ್ಕೊಮ್ಮೆ ಕೂತು ಫಲಿತಾಂಶ ಹೋಲಿಸುತ್ತಿದ್ದರು. ಸಂಶೋಧನೆಯ ಹಣ ಮತ್ತು ಸಭೆಯ ಖರ್ಚು ಎರಡೂ ಒಂದೇ ಯೋಜನೆಯೊಳಗೆ ಇದ್ದದ್ದು ಇದರ ಬಲ.

1972ರ ತಿರುವು

1971ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹುಟ್ಟಿತು. ಮರುವರ್ಷ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಾನವ ಪರಿಸರ ಕುರಿತ ವಿಶ್ವಸಂಸ್ಥೆಯ ಸಮ್ಮೇಳನ ಸೇರಿತು. ಪ್ರಧಾನಿ ಇಂದಿರಾ ಗಾಂಧಿ ಅದರಲ್ಲಿ ಭಾಗವಹಿಸಿ ಬಡತನವನ್ನೂ ಪರಿಸರವನ್ನೂ ಬೇರೆ ಬೇರೆಯಾಗಿ ನೋಡಲಾಗದು ಎಂಬ ನಿಲುವನ್ನು ಮಂಡಿಸಿದರು. ಅದೇ ವರ್ಷ ಪರಿಸರ ಯೋಜನೆ ಮತ್ತು ಸಮನ್ವಯದ ರಾಷ್ಟ್ರೀಯ ಸಮಿತಿ ರಚನೆಯಾಯಿತು. ಪರಿಸರ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಹಣ ಕೇಳುವ ಬಾಗಿಲು ತೆರೆದದ್ದು ಆಗ. 1980ರಲ್ಲಿ ಪ್ರತ್ಯೇಕ ಪರಿಸರ ಇಲಾಖೆ, 1985ರಲ್ಲಿ ಪರಿಸರ ಮತ್ತು ಅರಣ್ಯ ಸಚಿವಾಲಯ ಬಂದವು.

ಉಂಗ್ರ ಮತ್ತು ಪುರ

ಸ್ಟಾಕ್‌ಹೋಮ್‌ನ ಎರಡು ವರ್ಷದ ಬಳಿಕ, 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ‘ಅಸ್ತ್ರ’ ತಂಡವನ್ನು ಕಟ್ಟಿದರು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ತಂತ್ರಜ್ಞಾನವನ್ನು ಒಯ್ಯುವುದು ಅದರ ಗುರಿ. ರೆಡ್ಡಿ ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತು ಬಲ್ಲ ಪಠ್ಯಪುಸ್ತಕದ ಸಹಲೇಖಕರು. ಅಂಥವರು ಪ್ರಯೋಗಾಲಯ ಬಿಟ್ಟು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದರು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಈ ಕೆಲಸದ ಬೆನ್ನಿಗೆ ನಿಂತಿತು. ಮಂಡಳಿಯ ಕಚೇರಿ ಸಂಸ್ಥೆಯ ಆವರಣದಲ್ಲೇ ಇತ್ತು, ರೆಡ್ಡಿಯವರೇ ಅದರ ಕಾರ್ಯದರ್ಶಿಯಾಗಿದ್ದರು. ರಾಜ್ಯದ ಹಣ ರಾಜ್ಯದ ಹಳ್ಳಿಯ ಸಮಸ್ಯೆಗೆ ಸಂಶೋಧನೆಯ ಮೂಲಕ ಮುಟ್ಟುವ ಹಾದಿ ಹೀಗೆ ಬಿದ್ದಿತು.

ತಂಡ ಮೊದಲು ಮಾಡಿದ್ದು ಲೆಕ್ಕ. ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಯಾರು ಎಷ್ಟು ದೂರ ನಡೆಯುತ್ತಾರೆ, ನೀರು ಹೊರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು ಬರೆದುಕೊಂಡರು. ಹಳ್ಳಿಯ ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತದೆ, ಅದು ಹೋಗುವುದು ಅಡುಗೆಗೆ, ಅದರ ದುಡಿಮೆಯ ಭಾರ ಹೆಂಗಸರು ಮಕ್ಕಳ ಮೇಲೆ ಬೀಳುತ್ತದೆ ಎಂಬುದು ಅಂಕಿಯ ರೂಪದಲ್ಲಿ ಹೊರಬಂತು. ಒಟ್ಟಿಗೆ ಮೂರು ಪಾತ್ರೆ ಇಡಬಹುದಾದ, ಹೊಗೆಯನ್ನು ಕೊಳವೆಯಲ್ಲಿ ಸೂರಿನಾಚೆ ಕಳಿಸುವ ‘ಅಸ್ತ್ರ ಒಲೆ’ ಈ ಅಧ್ಯಯನದ ಕೂಸು.

ಅದೇ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದಾಗ ಮೊದಲ ಉದ್ದೇಶ ಅಡುಗೆ ಅನಿಲ. ಅದು ಸಾಲದೆ ಹೋಯಿತು. ತಂಡ ಹಳ್ಳಿ ಬಿಟ್ಟು ಹೊರಡಲಿಲ್ಲ. ಜನರೊಂದಿಗೆ ಮತ್ತೆ ಕೂತು ಮಾತಾಡಿ, ಅನಿಲದಿಂದ ಎಂಜಿನ್ ನಡೆಸಿ ಕುಡಿಯುವ ನೀರೆತ್ತಲು, ಮನೆಗಳಿಗೆ ದೀಪ ಕೊಡಲು 1987ರಲ್ಲಿ ವ್ಯವಸ್ಥೆ ಮಾಡಿತು. ಮನೆಯವರು ಸೆಗಣಿ ತಂದು ತೂಗಿಸಿ ಹಾಕಿದರೆ ಅದಕ್ಕೆ ಹಣ ಸಿಗುತ್ತಿತ್ತು. ಅನಿಲ ತೆಗೆದ ಬಗ್ಗಡ ಗೊಬ್ಬರವಾಗಿ ಅವರಿಗೇ ವಾಪಸು. ಮೊದಲ ಯತ್ನ ಕೈಕೊಟ್ಟಾಗಲೇ ಅನುದಾನವೂ ನಿಂತಿದ್ದರೆ ಈ ಎರಡನೆಯ ಅಧ್ಯಾಯ ಇರುತ್ತಲೇ ಇರಲಿಲ್ಲ.

ಪುರದ ಪಾಠ ಕುಣಿಗಲ್‌ನಲ್ಲೇ ಉಳಿಯಲಿಲ್ಲ. ಬ್ರೆಜಿಲ್‌ನ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೋಹಾನ್ಸನ್, ಅಮೆರಿಕದ ರಾಬರ್ಟ್ ವಿಲಿಯಮ್ಸ್ ಜೊತೆ ಸೇರಿ ರೆಡ್ಡಿ ಬರೆದ ‘ಎನರ್ಜಿ ಫಾರ್ ಎ ಸಸ್ಟೈನಬಲ್ ವರ್ಲ್ಡ್’ 1988ರಲ್ಲಿ ಪ್ರಕಟವಾಯಿತು. ನಾಲ್ಕು ಖಂಡಗಳ ನಾಲ್ವರು ಮುಖಾಮುಖಿ ಕೂತು ವಾದಿಸಿದ್ದರ ಫಲ ಅದು. 2000ದಲ್ಲಿ ಈ ನಾಲ್ವರಿಗೂ ವೋಲ್ವೊ ಪರಿಸರ ಪ್ರಶಸ್ತಿ ಬಂದಿತು. ‘ಅಸ್ತ್ರ’ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಯಿತು.

ಬಿದಿರಿನಿಂದ ಪರಿಸರ ವಿಜ್ಞಾನ ಕೇಂದ್ರಕ್ಕೆ

ಎಪ್ಪತ್ತರ ದಶಕದ ನಡುವೆ ಕರ್ನಾಟಕದ ಮೇದರು ಬುಟ್ಟಿ ಹೆಣೆಯಲು ಬಿದಿರು ಸಿಗುತ್ತಿಲ್ಲವೆಂದು ಸರ್ಕಾರದ ಮುಂದೆ ಅಳಲು ತೋಡಿಕೊಂಡರು. ಕಾಗದ ಕಾರ್ಖಾನೆಗೆ ಕಾಡಿನ ಬಿದಿರು ಅತ್ಯಲ್ಪ ಬೆಲೆಗೆ ಹೋಗುತ್ತಿತ್ತು, ಮೇದರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆರಬೇಕಿತ್ತು. ರಾಜ್ಯದ ಕೋರಿಕೆಯಂತೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಅಧ್ಯಯನಕ್ಕಿಳಿದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳ ದಟ್ಟ ಹೊದಿಕೆ ಇರುತ್ತದೆ. ಅದನ್ನು ಸವರಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂದು ತಿಳಿದವರು ಹೇಳುತ್ತಿದ್ದರು. ಉತ್ತರ ಕನ್ನಡದ ಹಳ್ಳಿಗರ ಮಾತೇ ಬೇರೆ: ಮುಳ್ಳು ತೆಗೆದರೆ ಎಳೆ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಹಾಕುತ್ತವೆ. ಕ್ಷೇತ್ರದ ಅಳತೆಗಳು ಹಳ್ಳಿಗರ ಮಾತನ್ನೇ ಎತ್ತಿಹಿಡಿದವು.

1983ರಲ್ಲಿ ಕೇಂದ್ರದ ಪರಿಸರ ಇಲಾಖೆ ‘ಉತ್ಕೃಷ್ಟತಾ ಕೇಂದ್ರ’ಗಳ ಯೋಜನೆಯಡಿ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರಕ್ಕೆ ನೆರವು ಕೊಟ್ಟಿತು. ಬಿಡಿ ಬಿಡಿ ಪ್ರಾಜೆಕ್ಟಿಗೆ ಕೊಡುವ ಹಣಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿತ್ತು. ಒಂದು ಸಂಸ್ಥೆಯನ್ನು ಒಂದು ವಿಷಯಕ್ಕಾಗಿ ಉಳಿಸಿಕೊಳ್ಳುವ ಹಣ ಇದು.

ಅಂಥ ಹಣ ಏನನ್ನು ಸಾಧ್ಯವಾಗಿಸುತ್ತದೆ ಎಂಬುದನ್ನು ಮುದುಮಲೆ ತೋರಿಸಿದೆ. ಬಂಡೀಪುರಕ್ಕೆ ಅಂಟಿಕೊಂಡಿರುವ ಆ ಕಾಡಿನಲ್ಲಿ ಆನೆ ತಜ್ಞ ರಾಮನ್ ಸುಕುಮಾರ್ ಅವರ ತಂಡ 1988ರಲ್ಲಿ 50 ಹೆಕ್ಟೇರ್ ಜಾಗ ಗುರುತಿಸಿತು. ಎದೆಮಟ್ಟದಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿಯೊಂದು ಮರಗಿಡಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿತು. ಹಾಗೆ ಲೆಕ್ಕಕ್ಕೆ ಸಿಕ್ಕವು ಸುಮಾರು 26 ಸಾವಿರ. ಪ್ರತಿ ವರ್ಷ ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು, ಬೆಂಕಿ ಯಾವುದನ್ನು ಸುಟ್ಟಿತು, ಆನೆ ಯಾವುದನ್ನು ಮುರಿಯಿತು ಎಂದು ನೋಡಿ ದಾಖಲಿಸುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಎಲ್ಲವನ್ನೂ ಮರಳಿ ಅಳೆಯುತ್ತಾರೆ. ಬರ ಮತ್ತು ಬೆಂಕಿಗೆ ಕಾಡು ಹೇಗೆ ಸ್ಪಂದಿಸುತ್ತದೆ ಎಂಬ ಪ್ರಶ್ನೆಗೆ ಹತ್ತಿಪ್ಪತ್ತು ವರ್ಷದ ದಾಖಲೆ ಇಲ್ಲದೆ ಉತ್ತರವಿಲ್ಲ. ಆದರೆ ಭಾರತದ ಬಹುತೇಕ ಸಂಶೋಧನಾ ಪ್ರಾಜೆಕ್ಟುಗಳ ಆಯುಸ್ಸು ಮೂರು ವರ್ಷ. ಮೊದಲ ಕಂತು ಬರುವುದು, ಯೋಜನಾ ಸಹಾಯಕರನ್ನು ನೇಮಿಸುವುದು, ಹಣ ಬಳಕೆಯ ಪ್ರಮಾಣಪತ್ರ (ಯು.ಸಿ.) ಕಳಿಸಿ ಮುಂದಿನ ಕಂತಿಗೆ ಕಾಯುವುದು ಇವುಗಳ ನಡುವೆ ಕ್ಷೇತ್ರಕಾರ್ಯದ ಒಂದು ಮಳೆಗಾಲ ಕೈತಪ್ಪಿದರೆ ಆ ವರ್ಷದ ದತ್ತಾಂಶ ಮತ್ತೆಂದೂ ಸಿಗದು.

ಪ್ರವಾಸ ನೆರವಿನ ಯೋಜನೆಗಳು

ವಿದೇಶದ ಸಮ್ಮೇಳನಗಳಿಗೆ ಹೋಗುವವರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಂತರರಾಷ್ಟ್ರೀಯ ಪ್ರವಾಸ ನೆರವು ದಶಕಗಳಿಂದ ಮುಖ್ಯ ಆಧಾರ. ಪ್ರಬಂಧ ಸ್ವೀಕೃತವಾದವರಿಗೆ ಹತ್ತಿರದ ಮಾರ್ಗದ ಎಕಾನಮಿ ದರ್ಜೆಯ ವಿಮಾನ ಟಿಕೆಟ್, ವೀಸಾ ಶುಲ್ಕ, ಯುವ ವಿಜ್ಞಾನಿಗಳಿಗೆ ನೋಂದಣಿ ಶುಲ್ಕವೂ ಇದರಲ್ಲಿ ಸೇರುತ್ತವೆ. ಈ ಯೋಜನೆ ಮುಂದೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಕೈಗೆ ಬಂದಿತು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಕೂಡ ಎಳೆಯ ಸಂಶೋಧಕರಿಗೆ ಪ್ರವಾಸ ಅನುದಾನ ಕೊಡುತ್ತಾ ಬಂದಿದೆ. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಯುಜಿಸಿಯ ‘ಅನ್‌ಅಸೈನ್ಡ್ ಗ್ರಾಂಟ್’ ರಾಜ್ಯ ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ ಆಸರೆಯಾಗಿತ್ತು.

ಸಂಶೋಧನಾ ವಿದ್ಯಾರ್ಥಿಗಳ ಪಾಡು ಬಿಗಿಯಾದದ್ದು. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿತು. ಈ ಕಿರಿಯ ಫೆಲೋಶಿಪ್ ಪಡೆದ ವಿಜ್ಞಾನ ವಿದ್ಯಾರ್ಥಿಗೆ ವರ್ಷದ ಕಂಟಿಂಜೆನ್ಸಿ ಹಣ ಮಾತ್ರ 12,000 ರೂಪಾಯಿ. ಪುಸ್ತಕ, ರಾಸಾಯನಿಕ, ಕ್ಷೇತ್ರ ಪ್ರವಾಸ, ಸಮ್ಮೇಳನ ಎಲ್ಲಕ್ಕೂ ಅದೇ. ವಿದೇಶದ ಒಂದು ಸಮ್ಮೇಳನದ ನೋಂದಣಿ ಶುಲ್ಕವೇ ಎಷ್ಟೋ ಸಲ ಇದನ್ನು ಮೀರುತ್ತದೆ.

ವಿದ್ಯಾರ್ಥಿಗಳನ್ನು ಸಮ್ಮೇಳನದ ಬಳಿಗೆ ಒಯ್ಯುವ ಬದಲು ಸಮ್ಮೇಳನವನ್ನೇ ಅವರ ಬಳಿಗೆ ತಂದ ಉದಾಹರಣೆಯೂ ಕರ್ನಾಟಕದಲ್ಲಿದೆ. ಪರಿಸರ ವಿಜ್ಞಾನ ಕೇಂದ್ರದ ಟಿ. ವಿ. ರಾಮಚಂದ್ರ ಮತ್ತು ತಂಡ ಎರಡು ವರ್ಷಕ್ಕೊಮ್ಮೆ ನಡೆಸುವ ‘ಲೇಕ್’ ಸಮ್ಮೇಳನ 2014ರಲ್ಲಿ ಶಿರಸಿಯಲ್ಲಿ, 2016ರಲ್ಲಿ ಮೂಡುಬಿದಿರೆಯಲ್ಲಿ ನಡೆಯಿತು. ಪಶ್ಚಿಮ ಘಟ್ಟದ ಕೆರೆ, ಜೌಗು, ಹೊಳೆಗಳ ಚರ್ಚೆ ಘಟ್ಟದ ಮಡಿಲಲ್ಲೇ ಆಯಿತು. ಪ್ರಾಧ್ಯಾಪಕರು ಕೂತ ಸಭೆಯಲ್ಲಿ ಶಾಲಾ ಮಕ್ಕಳೂ ತಮ್ಮ ಊರಿನ ಕೆರೆಯ ಅಧ್ಯಯನ ಮಂಡಿಸಿದರು.

ಹೊಸ ಹಣ, ಹೊಸ ಪ್ರಶ್ನೆ

2009ರಲ್ಲಿ ಅರ್ಜುನ್ ಮತ್ತು ಡಯಾನಾ ದಿವೇಚಾ ದಂಪತಿಯ ದತ್ತಿಯಿಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ ಆರಂಭವಾಯಿತು. ಸಂಸ್ಥೆಯ ಹುಟ್ಟಿಗೆ ಕಾರಣವಾದ ಖಾಸಗಿ ದತ್ತಿ ಹೀಗೆ ನೂರು ವರ್ಷದ ನಂತರ ಹವಾಮಾನ ಸಂಶೋಧನೆಗೂ ಬಂದಿತು. 2023ರ ಕಾಯಿದೆಯಂತೆ ಸ್ಥಾಪನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ ಇಡಲಾಗಿದೆ. ಅದರ ದೊಡ್ಡ ಪಾಲು ಸರ್ಕಾರೇತರ ಮೂಲಗಳಿಂದ ಬರಬೇಕು. ಸಂಶೋಧನೆ ಮತ್ತು ಅಭಿವೃದ್ಧಿಗೆ ಭಾರತ ಮಾಡುವ ಒಟ್ಟು ವೆಚ್ಚ 2020-21ರಲ್ಲಿ ದೇಶದ ಒಟ್ಟು ಉತ್ಪನ್ನದ ಶೇ. 0.64ರಷ್ಟಿತ್ತು.

ಇದೇ ಅವಧಿಯಲ್ಲಿ ಪ್ರವಾಸವೇ ಸುಸ್ಥಿರತೆಯ ಪ್ರಶ್ನೆಯಾಯಿತು. 2016ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಆವರಣದಲ್ಲಿ ಕೆನ್ ಹಿಲ್ಟ್ನರ್ ವಿಮಾನ ಹತ್ತದೆಯೇ ನಡೆಸಬಹುದಾದ ಆನ್‌ಲೈನ್ ಸಮ್ಮೇಳನದ ಮಾದರಿ ರೂಪಿಸಿದರು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ 2017ರಲ್ಲಿ ತನ್ನ ವಿಭಾಗಗಳ ವಿಮಾನಯಾನ ತಗ್ಗಿಸುವ ಯೋಜನೆ ಕೈಗೊಂಡಿತು. ಅಮೆರಿಕನ್ ಭೂಭೌತ ಒಕ್ಕೂಟದ 2019ರ ಸಮಾವೇಶಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದುಹೋದ ಸುಮಾರು 28,000 ಮಂದಿಯ ಪ್ರಯಾಣದಿಂದ ಹೊಮ್ಮಿದ ಅನಿಲಗಳು ಸುಮಾರು 80,000 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ ಎಂದು ಮರುವರ್ಷ ‘ನೇಚರ್’ನಲ್ಲಿ ಬಂದ ಲೆಕ್ಕ ಹೇಳಿತು. ತಲೆಗೆ ಸುಮಾರು 3 ಟನ್. ಒಬ್ಬ ಸರಾಸರಿ ಭಾರತೀಯನ ಲೆಕ್ಕಕ್ಕೆ ಇಡೀ ವರ್ಷದಲ್ಲಿ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್.

ಆದರೆ ವರ್ಷಕ್ಕೆ ನಾಲ್ಕಾರು ಸಲ ಹಾರುವ ಜ್ಯೂರಿಕ್‌ನ ಪ್ರಾಧ್ಯಾಪಕರಿಗೂ ಇಡೀ ಪಿಎಚ್.ಡಿ. ಅವಧಿಯಲ್ಲಿ ಒಂದೇ ಒಂದು ಅವಕಾಶಕ್ಕೆ ಅರ್ಜಿ ಹಾಕಿ ಕಾಯುವ ಕಲಬುರಗಿಯ ವಿದ್ಯಾರ್ಥಿನಿಗೂ ಒಂದೇ ನಿಯಮ ಹಚ್ಚುವುದು ನ್ಯಾಯವಲ್ಲ. ಹಿರಿಯರ ಹಾರಾಟ ತಗ್ಗಿ ಆ ಹಣ ಎಳೆಯರ ಮೊದಲ ಪ್ರವಾಸಕ್ಕೆ, ರೈಲಿನಲ್ಲಿ ತಲುಪಬಹುದಾದ ಪ್ರಾದೇಶಿಕ ಸಮ್ಮೇಳನಗಳಿಗೆ ಹರಿಯಬೇಕು. ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ವಾರ್ಷಿಕ ಬಜೆಟ್ಟಿನಲ್ಲೇ ಕನಿಷ್ಠ ಹತ್ತು ವರ್ಷ ಕಡಿಯದ ಕ್ಷೇತ್ರ ಅಧ್ಯಯನಕ್ಕೊಂದು, ವಿದ್ಯಾರ್ಥಿಗಳ ಸಮ್ಮೇಳನ ಪ್ರವಾಸಕ್ಕೊಂದು ಪ್ರತ್ಯೇಕ ಬಾಬತ್ತನ್ನು ತೆರೆಯಬೇಕಿದೆ.