ಸ್ಪೆಲಿಂಗ್ ತಪ್ಪಿದರೂ ಓಟು ಓಟೇ

2010ರಲ್ಲಿ ಅಲಾಸ್ಕಾದ ಹಾಲಿ ಸೆನೆಟರ್ ಲಿಸಾ ಮರ್ಕೌಸ್ಕಿಗೆ ಸ್ವಂತ ಪಕ್ಷವೇ ಕೈಕೊಟ್ಟಿತು. ಆಗಸ್ಟಿನಲ್ಲಿ ರಿಪಬ್ಲಿಕನ್ ಪಕ್ಷದ ಒಳಚುನಾವಣೆಯಲ್ಲಿ ಜೋ ಮಿಲ್ಲರ್ ಗೆದ್ದರು. ನವೆಂಬರಿನ ಮತಪತ್ರದಲ್ಲಿ ಆಕೆಯ ಹೆಸರೇ ಇಲ್ಲ! ಬೇರೆಯವರಾಗಿದ್ರೆ ಮನೆಗೆ ಹೋಗ್ತಿದ್ರು. ಈಕೆ ‘ರೈಟ್-ಇನ್’ ದಾರಿ ಹಿಡಿದರು. ಅಂದರೆ, ಮತದಾರರೇ ಖಾಲಿ ಗೆರೆಯ ಮೇಲೆ ಆಕೆಯ ಹೆಸರನ್ನು ಕೈಯಾರೆ ಬರೆಯಬೇಕು. ಅಷ್ಟುದ್ದದ ಹೆಸರನ್ನ! ಅದಕ್ಕೇ ಹೆಸರು ಅಚ್ಚಾದ ರಿಸ್ಟ್‌ಬ್ಯಾಂಡ್ ಹಂಚಿದರು, ಜಾಹೀರಾತಿನಲ್ಲಿ ಸ್ಪೆಲಿಂಗ್ ಕಲಿಸಿದರು.

ಎಣಿಕೆ ಶುರುವಾದಾಗ ಜಗಳವೂ ಶುರು. ಸ್ಪೆಲಿಂಗ್ ತಪ್ಪಿದ ಓಟು ಲೆಕ್ಕಕ್ಕಿಲ್ಲ ಅಂತ ಮಿಲ್ಲರ್ ಕೋರ್ಟಿಗೆ ಹೋದರು. ಕೋಡ್ ಬರೆಯೋ ನಮ್ಮ ಭಾಷೆಯಲ್ಲಿ ಅದು ‘ಎಗ್ಸಾಕ್ಟ್ ಮ್ಯಾಚ್’. ತಕರಾರಿನ ಸುಮಾರು 8 ಸಾವಿರ ಓಟು ಬಿಟ್ಟರೂ ಆಕೆಯೇ ಮುಂದಿದ್ದರು. ಸೇರಿಸಿದರೆ ಅಂತರ 10 ಸಾವಿರ ದಾಟುತ್ತಿತ್ತು. 1954ರಲ್ಲಿ ಸ್ಟ್ರಾಮ್ ಥರ್ಮಂಡ್ ಗೆದ್ದ ಮೇಲೆ ಸೆನೆಟ್‌ಗೆ ಹೀಗೆ ಗೆದ್ದವರು ಈಕೆಯೇ.

ಆದರೆ ನನಗೆ ಗೆಲುವಿಗಿಂತ ದೊಡ್ಡದಾಗಿ ಕಾಣೋದು ಡಿಸೆಂಬರಿನಲ್ಲಿ ಬಂದ ಅಲಾಸ್ಕಾ ಸುಪ್ರೀಂ ಕೋರ್ಟಿನ ತೀರ್ಪು. ಇಂಗ್ಲಿಷ್ ಎಲ್ಲರ ಮಾತೃಭಾಷೆಯಲ್ಲ, ಮಾತಾಡುವ ಎಲ್ಲರಿಗೂ ಚೆನ್ನಾಗಿ ಬರೆಯಲು ಬರಲ್ಲ, ಮತದಾರರ ಉದ್ದೇಶ ತಿಳಿದರೆ ಸಾಕು ಎಂದಿತು ಕೋರ್ಟು. ಕಂಪ್ಯೂಟರಿಗೆ ಒಂದಕ್ಷರ ತಪ್ಪಿದರೂ ಎರರ್. ಪ್ರಜಾಪ್ರಭುತ್ವ ಹಾಗಾದರೆ ಮೊದಲು ಹೊರಗುಳಿಯೋರು ಕಡಿಮೆ ಓದಿದವರೇ.